ಹೊಲಿಗೆ ಬಿಟ್ಟಿರಲಿಲ್ಲ

೧೯೯೮ರಲ್ಲಿ ನಾನು ಚಿತ್ರದುರ್ಗದ ಒಂದು ಟೆಂಟ್ ತಯಾರಿಕಾ ಘಟಕದಲ್ಲಿ ಮೇಲ್ವಿಚಾರಕನಾಗಿದ್ದೆ. ಬಟ್ಟೆ ಆರಿಸುವುದರಿಂದ ಹಿಡಿದು ಟೆಂಟ್ ನಿಲ್ಲಿಸಿಕೊಟ್ಟು ಬರುವವರೆಗೆ ಎಲ್ಲವೂ ನನ್ನ ಹೊಣೆ. ಆ ಜೂನ್‌ನಲ್ಲಿ ತಾಳ್ಯದ ಕಡೆಯ ಶಾಲೆಯೊಂದರಿಂದ ಬೇಡಿಕೆ ಬಂತು. ಚಾವಣಿ ರಿಪೇರಿ ಮುಗಿಯುವ ತನಕ, ನಾಲ್ಕು ತಿಂಗಳು, ಎರಡು ತರಗತಿಗಳು ಟೆಂಟಿನಲ್ಲೇ ನಡೆಯಬೇಕಿತ್ತು.

ಇಂಥ ಟೆಂಟಿಗೆ ಬಳಸುವ ವಿನೈಲ್ ಬಟ್ಟೆಯಲ್ಲಿ ಎರಡು ಬಗೆ. ಲ್ಯಾಮಿನೇಟೆಡ್ ಎಂದರೆ ಬಲೆಯಂಥ ತೆಳು ನೇಯ್ಗೆಗೆ ಎರಡೂ ಕಡೆ ವಿನೈಲ್ ಹಾಳೆ ಅಂಟಿಸಿದ್ದು. ಹಗುರ, ನುಣುಪು, ನೋಡಲು ಚೆಂದ. ಕೋಟೆಡ್ ಎಂದರೆ ಒತ್ತಾದ ನೇಯ್ಗೆಗೆ ಕರಗಿದ ವಿನೈಲನ್ನೇ ಬಳಿದದ್ದು. ಭಾರ, ಮಂಕು, ಆದರೆ ಗಟ್ಟಿ. ಕೋಟೆಡ್ ಬರಲು ಹದಿನೈದು ದಿನ ಬೇಕಿತ್ತು. ನಾನೋ, ಎಂಟೇ ದಿನದಲ್ಲಿ ಕೊಡುತ್ತೇನೆಂದು ಮಾಲೀಕರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ಗೋದಾಮಿನಲ್ಲಿದ್ದ ಲ್ಯಾಮಿನೇಟೆಡ್ ತೆಗೆಸಿದೆ.

ಹೊಲಿಯುವವರಲ್ಲಿ ಹಿರಿಯಳು ಗಂಗಕ್ಕ. ತುಂಡಿನ ಮೂಲೆಯನ್ನು ಉಗುರಿನಿಂದ ಕೆರೆದಳು. ಹಾಳೆ ಎದ್ದು ಬಂತು.

“ಸಾರ್, ಇದು ಉಗುರಿಗೇ ಬಿಡ್ತೈತೆ. ಎಲ್ಡು ದಿನದ ಮದ್ವೆಗಾದ್ರೆ ಸರಿ, ನಾಕು ತಿಂಗ್ಳು ಗಾಳಿಗೆ ನಿಲ್ಲಲ್ಲ.”

“ಬಟ್ಟೆ ಆರ್ಸಾದು ನನ್ ಕೆಲ್ಸ ಕಣಕ್ಕ. ನೀನು ಹೊಲಿ.”

ಹೊಲಿದಳು. ಯಾರ ಹೊಲಿಗೆ ಎಂದು ತಿಳಿಯಲು ನಮ್ಮಲ್ಲಿ ಪ್ರತಿಯೊಬ್ಬರೂ ಕೊನೆಗೆ ತಮ್ಮದೇ ಬಣ್ಣದ ದಾರದಲ್ಲಿ ಒಂದು ಗಂಟು ಹಾಕುತ್ತಿದ್ದರು. ಅವಳದು ನೀಲಿ.

ಆಷಾಢದ ಗಾಳಿಗೆ ಟೆಂಟಿನ ಮೇಲ್ಭಾಗ ಹರಿಯಿತು. ಮಕ್ಕಳು ಪ್ರಾರ್ಥನೆಗೆಂದು ಹೊರಗಿದ್ದದ್ದು ಪುಣ್ಯ. ಮಾಲೀಕರು, ನಾನು, ಗಂಗಕ್ಕ ಮೂವರೂ ಹೋದೆವು.

“ಮಕ್ಳು ಒಳಗಿದ್ದಿದ್ರೆ ಏನ್ರೀ ಗತಿ? ಯಾರ್ದಿದು ತಪ್ಪು?” ಎಂದರು ಹೆಡ್‌ಮಾಸ್ಟರು.

ಹರಿದ ಜಾಗದ ಪಕ್ಕದಲ್ಲೇ ನೀಲಿ ಗಂಟು ಕಂಡಿತು. “ಹೊಲಿಗೆ ಬಿಟ್ಟೈತ್ರಿ,” ಎಂದುಬಿಟ್ಟೆ.

“ನನ್ ಹೊಲಿಗೆ ಬಿಡಲ್ಲ ಸಾರ್,” ಎಂದಳು ಗಂಗಕ್ಕ, ಅಷ್ಟೇ. ಮಾಲೀಕರು ಅಲ್ಲೇ ಅವಳನ್ನು ಕೆಲಸದಿಂದ ಬಿಡಿಸಿದರು. ಸುದ್ದಿ ಹರಡಿ, ಊರಿನ ಬೇರೆ ಟೆಂಟಿನವರೂ ಅವಳನ್ನು ಕರೆಯಲಿಲ್ಲ.

ಮಾರನೇ ದಿನ ಹರಿದ ತುಂಡನ್ನು ಮೇಜಿನ ಮೇಲೆ ಹರವಿದೆ. ಹೊಲಿಗೆಯ ಒಂದು ಎಳೆಯೂ ಸಡಿಲಾಗಿರಲಿಲ್ಲ. ಹಾಳೆ ಬಲೆಯಿಂದ ಬಿಟ್ಟುಕೊಂಡು, ಹೊಲಿಗೆಯ ಪಕ್ಕದಲ್ಲಿ ಬಟ್ಟೆಯೇ ಹರಿದಿತ್ತು. ಯಾರೂ ನೋಡದಂತೆ ಅದನ್ನು ಮಡಚಿ ಗುಜರಿಯ ಅಡಿಗೆ ತುರುಕಿದೆ. ಶಾಲೆಯ ಟೆಂಟಿಗೆ ಕೋಟೆಡ್ ತರಿಸಿದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಅಂದಿನಿಂದ ನೀಲಿ ದಾರ ಕಂಡರೆ ಮುಖ ತಿರುಗಿಸುತ್ತಿದ್ದೆ. ಬಾಯಿ ಮಾತ್ರ ಬಿಡಲಿಲ್ಲ.

೨೦೦೪ರಲ್ಲಿ ಹಿರಿಯೂರಿನ ಬಸ್ ನಿಲ್ದಾಣದ ಬಳಿ ಅವಳು ಬ್ಯಾಗಿಗೆ ಜಿಪ್ ಹೊಲಿಯುತ್ತಾ ಕುಳಿತಿದ್ದಳು. ಹತ್ತಿರ ಹೋಗಿ ನಿಂತೆ.

“ಗಂಗಕ್ಕ, ಅವತ್ತು ಹೊಲಿಗೆ ಬಿಟ್ಟಿರ್ಲಿಲ್ಲ. ತಪ್ಪು ನಂದು.”

ಮಷೀನು ನಿಂತಿತು. “ಅದು ನಂಗೊತ್ತೈತೆ. ನಿಮ್ಗೆ ಯಾವಾಗ ಗೊತ್ತಾತು?”

“ಮಾರನೇ ದಿನ.”

“ಮತ್ತೆ ಆರು ವರ್ಷ ಯಾಕ್ ಬೇಕಾತು ಸಾರ್?”

ಅವಳು ಮತ್ತೆ ಮಷೀನು ತುಳಿಯತೊಡಗಿದಳು.

ಆಮೇಲೆ ನಿವೃತ್ತಿಯವರೆಗೂ ಹೊಸ ಬಟ್ಟೆ ಬಂದರೆ ಮೊದಲ ತುಂಡನ್ನು ಹೊಲಿಯುವವರ ಉಗುರಿಗೇ ಕೊಟ್ಟೆ. ಅವರು ಬೇಡವೆಂದದ್ದನ್ನು ತರಿಸಲಿಲ್ಲ. ಜನ ಅದನ್ನು ನನ್ನ ಅನುಭವವೆಂದು ಹೊಗಳುತ್ತಾರೆ. ಆಗ ನಾನು ತಲೆ ತಗ್ಗಿಸುತ್ತೇನೆ. ಅವರು ಅದನ್ನು ವಿನಯ ಅಂದುಕೊಳ್ಳುತ್ತಾರೆ.