ಅನುಮಾನದ ಅರಸರ ಕೈಕೆಳಗೆ

ಕುವೈತಿನ ಮಿರ್ಕಾಬಿನಲ್ಲಿ ಕಟ್ಟಡ ಸಾಮಗ್ರಿ ತರಿಸಿ ಮಾರುವ ಒಂದು ಕಂಪನಿಗೆ ನಾನು ಸೆಕ್ರೆಟರಿಯಾಗಿ ಸೇರಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಮನೆ ಅಬು ಹಲೀಫಾದಲ್ಲಿತ್ತು. ಅಷ್ಟು ದೂರದ ದಾರಿ ಸುಲಭವಾದದ್ದು ನಮ್ಮ ಆಫೀಸಿನ ಮ್ಯಾನೇಜರರಿಂದ. ಪಕ್ಕದ ಕಟ್ಟಡದಲ್ಲೇ ಇದ್ದ ಅವರು ದಿನಾ ಬೆಳಿಗ್ಗೆ ತಮ್ಮ ಹಳೆಯ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ಹೋಗುತ್ತಿದ್ದರು. ಅವರ ಮನೆಮಾತು ಕೊಂಕಣಿ, ನನ್ನದು ತುಳು. ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ. ಗಲ್ಫಿಗೆ ಬರುವ ಮೊದಲು ಅವರು ಊರಿನ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದರು. ಆಫೀಸಿನಲ್ಲಿ ಎಲ್ಲರಿಗೂ ಅವರು ಸರ್.

ಕಂಪನಿಯ ಮಾಲೀಕರನ್ನು ನಾವು ಬಾಬಾ ಎನ್ನುತ್ತಿದ್ದೆವು. ಆ ದೇಶದಲ್ಲಿ ಇರಲು ಬೇಕಾದ ಇಕಾಮಾ ಎಂಬ ಪರವಾನಗಿಗೆ ಹೊಣೆಯಾದ ನಮ್ಮ ಕಫೀಲರೂ ಅವರೇ. ಒರಟರಲ್ಲ, ಸಂಬಳ ತಡಮಾಡಿದವರಲ್ಲ. ಆದರೆ ಅನುಮಾನ ಮಾತ್ರ ಅವರ ರಕ್ತದಲ್ಲೇ ಸೇರಿತ್ತು. ವಿಮಾನ ನಿಲ್ದಾಣಕ್ಕೆ ಹೊರಟವರು ಅರ್ಧ ದಾರಿಯಿಂದ ತಿರುಗಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಒಂದೇ ಪ್ರಶ್ನೆಯನ್ನು ಒಬ್ಬರಾದ ಮೇಲೆ ಒಬ್ಬರನ್ನು ಕೋಣೆಗೆ ಕರೆದು ಕೇಳಿ, ಉತ್ತರಗಳನ್ನು ತಾಳೆ ನೋಡುತ್ತಿದ್ದರು. ಇಬ್ಬರು ನಗುತ್ತಾ ನಿಂತರೆ ಮೂರನೆಯವನನ್ನು ಕರೆದು ಏಕೆ ನಕ್ಕರೆಂದು ವಿಚಾರಿಸುತ್ತಿದ್ದರು. ಮೊದಲ ವಾರವೇ ನಾನು ಮನೆಗೆ ಬಂದು ಅತ್ತಿದ್ದೆ.

ಅದರ ಹಿಂದಿನ ಕಾರಣ ಹೇಳಿದವರು ಸರ್. ಇರಾಕಿನ ಸೈನ್ಯ ನುಗ್ಗಿದಾಗ ಬಾಬಾ ಸಂಸಾರ ಕಟ್ಟಿಕೊಂಡು ಸೌದಿಗೆ ಓಡಿದ್ದರಂತೆ. ಗೋದಾಮಿನ ಕೀಲಿಯನ್ನು ತಮ್ಮನಂತೆ ನಂಬಿದ್ದ ಒಬ್ಬ ಕೆಲಸಗಾರನಿಗೆ ಕೊಟ್ಟಿದ್ದರು. ತಿರುಗಿ ಬಂದಾಗ ಗೋದಾಮು ಖಾಲಿ, ಆ ಮನುಷ್ಯನೂ ಇಲ್ಲ. ಸೈನಿಕರು ದೋಚಿದರೋ ಅವನೇ ದೋಚಿದನೋ, ಅವನು ಬದುಕಿದ್ದಾನೋ ಇಲ್ಲವೋ, ಬಾಬಾಗೆ ಇಂದಿಗೂ ಗೊತ್ತಾಗಿಲ್ಲ. "ಕದ್ದ ಅಂತ ಗೊತ್ತಾಗಿದ್ರೆ ಸಿಟ್ಟು ಬಂದು ಮುಗೀತಿತ್ತು. ಗೊತ್ತಾಗದೇ ಉಳಿದದ್ದೇ ಕಷ್ಟ ಆದದ್ದು ನೋಡಿ" ಎಂದರು ಸರ್.

ಆಮೇಲೆ ಕಾರಿನಲ್ಲಿ ಚೀನಾದ ಕಥೆಗಳು ಶುರುವಾದವು. ಸಮುದ್ರವನ್ನು ಬಲಕ್ಕೆ ಬಿಟ್ಟುಕೊಂಡು ಹೆದ್ದಾರಿಯಲ್ಲಿ ಸಾಗುವಾಗ ಅವರು ಪಾಠ ಮಾಡುವ ದನಿಯಲ್ಲಿ, ಆ ದೇಶದ ಹಳೆಯ ಚಕ್ರವರ್ತಿಗಳ ಕೈಕೆಳಗೆ ಅಧಿಕಾರಿಗಳು ತಲೆ ಉಳಿಸಿಕೊಂಡ ಬಗೆ ಹೇಳುತ್ತಿದ್ದರು. ಒಬ್ಬ ಸೇನಾಪತಿಗೆ ಅರಸ ತನ್ನ ಸೈನ್ಯವನ್ನೆಲ್ಲ ಒಪ್ಪಿಸಿ ಯುದ್ಧಕ್ಕೆ ಕಳಿಸಿದನಂತೆ. ದಾರಿಯುದ್ದಕ್ಕೂ ಅವನು ತನಗೆ ಹೊಲ ಬೇಕು, ತೋಟ ಬೇಕು ಎಂದು ಅರಸನಿಗೆ ಹೇಳಿಕಳಿಸುತ್ತಲೇ ಇದ್ದ. ಜೊತೆಯವರಿಗೆ ನಾಚಿಕೆಯಾಯಿತು. ಆದರೆ ಅವನ ಲೆಕ್ಕವೇ ಬೇರೆ. ತೋಟಕ್ಕೆ ಆಸೆಪಡುವವನು ಸಿಂಹಾಸನಕ್ಕೆ ಆಸೆಪಡುವುದಿಲ್ಲ ಎಂದು ಅರಸ ನಿಶ್ಚಿಂತೆಯಿಂದ ಮಲಗಬೇಕಿತ್ತು. ಇನ್ನೊಬ್ಬ ಮಂತ್ರಿ, ಅರಮನೆಯ ಒಳಗೆ ಯಾವ ಮರಗಳಿವೆ ಎಂದು ಮನೆಯವರು ಕೇಳಿದರೆ ಅದಕ್ಕೂ ಬಾಯಿ ಬಿಡದೆ ಬೇರೆ ಮಾತು ತೆಗೆಯುತ್ತಿದ್ದನಂತೆ. ಒಂದು ಕಾಲದಲ್ಲಂತೂ ಅಧಿಕಾರಿಗಳು ಬೆಳಿಗ್ಗೆ ಆಸ್ಥಾನಕ್ಕೆ ಹೊರಡುವಾಗ ಹೆಂಡತಿ ಮಕ್ಕಳಿಗೆ ಕೊನೆಯ ಮಾತು ಹೇಳಿ ಹೊರಡುತ್ತಿದ್ದರು, ಸಂಜೆ ಜೀವಂತ ಮರಳಿದರೆ ಮನೆಯಲ್ಲಿ ಹಬ್ಬ.

ಮೊದಮೊದಲು ನನಗೆ ಇದು ಬರೀ ಹೊತ್ತು ಕಳೆಯುವ ಮಾತು ಅನಿಸಿತ್ತು. ನಿಧಾನಕ್ಕೆ, ಸರ್ ಇದನ್ನೆಲ್ಲ ಆಫೀಸಿನಲ್ಲಿ ಬದುಕುತ್ತಿದ್ದಾರೆಂದು ಕಂಡಿತು. ದೊಡ್ಡ ವ್ಯಾಪಾರವೊಂದನ್ನು ಗೆದ್ದುಕೊಟ್ಟ ದಿನವೇ ಅವರು ಬಾಬಾ ಹತ್ತಿರ ಹೋಗಿ ತಮ್ಮ ಕುರ್ಚಿ ಬದಲಿಸಿಕೊಡಿ ಎಂದು ಗೋಗರೆದದ್ದನ್ನು ನೋಡಿದ್ದೇನೆ. ಬಾಬಾ ಬೈದುಕೊಂಡೇ ಹೊಸ ಕುರ್ಚಿ ತರಿಸಿದರು, ಆ ದಿನವೆಲ್ಲ ಖುಷಿಯಾಗಿದ್ದರು. ಯಾರ ಬಗ್ಗೆ ಬಾಬಾ ಕೇಳಿದರೂ ಸರ್ ಹೊಗಳುತ್ತಲೂ ಇರಲಿಲ್ಲ, ತೆಗಳುತ್ತಲೂ ಇರಲಿಲ್ಲ. ನನಗೂ ಅದನ್ನೇ ಕಲಿಸಿದರು: ಕೇಳಿದ್ದಕ್ಕೆ ಮಾತ್ರ ಉತ್ತರ, ಇನ್ನೊಬ್ಬರ ಪರವಾಗಿ ಮಾತಿಲ್ಲ. ಆ ಪಾಠದಿಂದ ನನ್ನ ಅಳು ನಿಂತಿತು. ವರ್ಷಗಳು ಕಳೆದವು, ಮಗಳು ಇಲ್ಲಿನ ಶಾಲೆಗೆ ಸೇರಿದಳು.

ಒಂದು ಬೇಸಿಗೆ ನನಗೆ ತಡೆಯಲಾರದ ಹಲ್ಲುನೋವು ಬಂತು. ಮಧ್ಯಾಹ್ನದ ಬಿಡುವಿನಲ್ಲಿ ಹತ್ತಿರದ ಕಟ್ಟಡದ ಹಲ್ಲಿನ ಡಾಕ್ಟರರ ಬಳಿ ಹೋಗಿ ಹಲ್ಲು ಕೀಳಿಸಿಕೊಂಡು ಬಂದೆ. ಅದೇ ಕಟ್ಟಡದಲ್ಲಿ ನಮ್ಮ ಎದುರಾಳಿ ಕಂಪನಿಯ ಆಫೀಸೂ ಇತ್ತು. ಆ ವಾರ ಬಾಬಾ ಬಹಳ ಆಸೆಯಿಟ್ಟಿದ್ದ ಒಂದು ಟೆಂಡರ್ ಆ ಎದುರಾಳಿಯ ಪಾಲಾಯಿತು. ಅದಕ್ಕೆ ನಮ್ಮ ದರ ಟೈಪ್ ಮಾಡಿದವಳು ನಾನು. ನಾನು ಆ ಕಟ್ಟಡದಿಂದ ಹೊರಬರುವುದನ್ನು ನೋಡಿದವರು ಯಾರೋ ಬಾಬಾ ಕಿವಿಗೆ ಹಾಕಿದ್ದರು.

ಬಾಬಾ ನನ್ನನ್ನು ಕರೆಸಿದರು, ಸರ್ ಅವರನ್ನೂ ಕರೆಸಿದರು. ಆ ಕಟ್ಟಡದಲ್ಲಿ ಏನು ಕೆಲಸವಿತ್ತು ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು. ಹಲ್ಲು ಎಂದೆ. ಅದನ್ನು ಹೇಳುವಾಗ ನನ್ನ ದನಿ ನಡುಗಿದ ರೀತಿಗೆ ನನಗೇ ಅದು ಸುಳ್ಳಿನಂತೆ ಕೇಳಿತು. ಅವರು ನಂಬಲಿಲ್ಲ. ಇಕಾಮಾ ರದ್ದು ಮಾಡಿಸುತ್ತೇನೆ, ಊರಿಗೆ ಹೋಗು ಎಂದರು. ಆಮೇಲೆ ಸರ್ ಕಡೆ ತಿರುಗಿ, ನಿನಗೇನು ಗೊತ್ತು ಎಂದು ಕೇಳಿದರು.

ನನಗೆ ಗೊತ್ತಿಲ್ಲ ಎಂದು ಅವರು ಹೇಳುತ್ತಾರೆಂದು ತಿಳಿದಿದ್ದೆ. ಅದು ನನಗೂ ಅವರೇ ಕಲಿಸಿದ ಉತ್ತರ, ಅದರಲ್ಲಿ ತಪ್ಪೇನೂ ಇರಲಿಲ್ಲ.

ಸರ್ ಹೇಳಿದರು: "ಬಾಬಾ, ಇಷ್ಟು ವರ್ಷದಲ್ಲಿ ನಾನು ಯಾರ ಪರವಾಗಿಯೂ ಮಾತಾಡಿಲ್ಲ. ಇವರ ಪರ ಮಾತಾಡ್ತೇನೆ. ಇವರ ಮಾತು ಸುಳ್ಳಾದರೆ ಇವರ ಜೊತೆ ನನ್ನ ಇಕಾಮಾವನ್ನೂ ರದ್ದು ಮಾಡಿ."

ಬಾಬಾ ಎದ್ದು ನನ್ನ ಬಳಿ ಬಂದು, ಬಾಯಿ ತೆರೆ ಎಂದರು. ನಾನು ತೆರೆದೆ. ತೊಟ್ಟಿದ್ದ ಉದ್ದನೆಯ ದಿಶ್ದಾಶಾ ಅಂಗಿಯ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಆ ಹಿರಿಯರು ಬಗ್ಗಿ ನನ್ನ ಬಾಯೊಳಗೆ ಇಣುಕಿದರು. ಊದಿಕೊಂಡ ಒಸಡನ್ನು ನೋಡಿ ತಮ್ಮ ಹಲ್ಲೇ ನೊಂದವರಂತೆ ಮುಖ ಕಿವುಚಿದರು. "ಖಲಾಸ್, ಮುಗಿಯಿತು," ಎಂದರು, "ಮನೆಗೆ ಹೋಗಿ ಮಲಗು."

ಆ ದಿನ ಸರ್ ನನ್ನನ್ನು ಮನೆಗೆ ಬಿಡಲು ಹೊರಟರು. ದಾರಿಯಲ್ಲಿ ನಾನೇ ಕೇಳಿದೆ, ನಿಮ್ಮ ಪಾಠವನ್ನು ನೀವೇ ಮುರಿದದ್ದು ಏಕೆ ಎಂದು.

"ಇಷ್ಟು ದಿನ ಹೇಳಿದ್ದು ಬಾಯಿ ಮುಚ್ಚಿ ಉಳಿದವರ ಕಥೆ ಮಾರಾಯ್ರೆ," ಎಂದರು. "ಬಾಯಿ ಬಿಟ್ಟವರ ಕಥೆಯೂ ಉಂಟು. ನೀವು ಹೆದರ್ತೀರಿ ಅಂತ ಹೇಳ್ಲಿಲ್ಲ."

ಮತ್ತೆ ಅದನ್ನೂ ಹೇಳಿದರು. ಒಬ್ಬ ಅಧಿಕಾರಿ, ಅರಸನ ತಪ್ಪುಗಳನ್ನೆಲ್ಲ ಬರೆದು ಆಸ್ಥಾನಕ್ಕೆ ಕಳಿಸುವ ಮೊದಲು ತನಗೊಂದು ಶವಪೆಟ್ಟಿಗೆ ಕೊಂಡಿಟ್ಟನಂತೆ, ಮನೆಯವರಿಂದ ಬೀಳ್ಕೊಂಡನಂತೆ. ಅವನು ಓಡಿಹೋಗದಂತೆ ಹಿಡಿಯಿರಿ ಎಂದು ಅರಸ ಕೂಗಿದಾಗ, ಅವನು ಓಡುವವನಲ್ಲ, ಪೆಟ್ಟಿಗೆ ಕೊಂಡಾಗಿದೆ ಎಂದು ಪಕ್ಕದಲ್ಲಿದ್ದವರು ಹೇಳಿದರು. ಅರಸ ಸೆರೆಮನೆಗೆ ಹಾಕಿದ, ಕೊಲ್ಲಲಿಲ್ಲ. ಅರಸ ಸತ್ತ ಮೇಲೆ ಆ ಅಧಿಕಾರಿ ಹೊರಗೆ ಬಂದ.

ಕಥೆ ಮುಗಿಸಿ ಸರ್ ನಕ್ಕರು. ನನಗೆ ದವಡೆ ನೋಯುತ್ತಿತ್ತು, ನಗಲಾಗಲಿಲ್ಲ. ಕಣ್ಣೀರು ಬಂತು.

ಅಲ್ಲಿಂದ ಮುಂದೆ ಬಾಬಾ ನನ್ನನ್ನು ಅನುಮಾನಿಸುವುದನ್ನು ಬಿಟ್ಟರು ಎಂದರೆ ಸುಳ್ಳಾದೀತು. ಆದರೆ ರಮದಾನ್ ತಿಂಗಳಲ್ಲಿ ನನ್ನ ಮಗಳಿಗೆಂದು ಖರ್ಜೂರ ಕಳಿಸುವಾಗ, ಹಲ್ಲಿಗೆ ಒಳ್ಳೆಯದಲ್ಲ, ಕಡಿಮೆ ತಿನ್ನಲಿ ಎಂದು ಹೇಳಿಕಳಿಸುತ್ತಿದ್ದರು. ಮಗಳು ಹನ್ನೆರಡನೆಯ ತರಗತಿ ಮುಗಿಸುವವರೆಗೂ ನನ್ನ ಇಕಾಮಾ ಒಮ್ಮೆಯೂ ತಪ್ಪದೆ ನವೀಕರಣವಾಯಿತು.

ಸರ್ ಕೆಲವು ವರ್ಷಗಳ ಮೇಲೆ ಮೊಣಕಾಲು ನೋವೆಂದು ಊರಿಗೆ ಹೊರಟರು. ಹಳೆಯ ಅಧಿಕಾರಿಗಳು ಆಸ್ಥಾನ ಬಿಡಬೇಕಾದರೆ ಕಾಯಿಲೆಯ ನೆಪ ಹೇಳುತ್ತಿದ್ದರೆಂದು ಅವರೇ ಹೇಳಿದ್ದುಂಟು, ಆದರೆ ಇವರ ನೋವು ನಿಜವೇ ಆಗಿತ್ತು. ಬಾಬಾ ನಂಬಲಿಲ್ಲ. ಬೇರೆ ಕಂಪನಿ ಸೇರಲು ಹೊರಟಿದ್ದಾರೆಂದೇ ತಿಳಿದು, ಊರಿನ ಮನೆಯ ಫೋನಿಗೆ ಆಗಾಗ ಕರೆ ಮಾಡಿ ಅವರು ಅಲ್ಲೇ ಇದ್ದಾರೋ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು.

ರಜೆಗೆ ಊರಿಗೆ ಹೋದಾಗ ನಾನು ಮೀನು ಮಾರ್ಕೆಟ್ಟಿನ ಹಿಂದಿನ ಅವರ ಮನೆಗೆ ಹೋಗಿದ್ದೆ. ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೂತಿದ್ದರು. ಅವರ ಹೆಂಡತಿ ಕೊಟ್ಟ ಚಾ ಕುಡಿಯುವಾಗ, ಕುವೈತಿನಲ್ಲಿ ನಾನು ಉಳಿದದ್ದೂ ಮಗಳು ಓದಿದ್ದೂ ನಿಮ್ಮ ಆ ಒಂದು ಮಾತಿನಿಂದ ಎಂದು, ಅಷ್ಟು ವರ್ಷ ಹೇಳಲಾಗದ್ದನ್ನು ಹೇಳಿದೆ. ಸರ್ ಮುಜುಗರಪಟ್ಟು ಮಾತು ತಿರುಗಿಸಿದರು. ಬಾಬಾ ಈಗಲೂ ಫೋನ್ ಮಾಡುತ್ತಾರಾ ಎಂದು ಕೇಳಿದೆ.

"ಮಾಡ್ತಾರೆ. ಮೊದಲು ನಾನು ಮನೆಯಲ್ಲಿದ್ದೇನಾ ಅಂತ ನೋಡ್ಲಿಕ್ಕೆ ಮಾಡ್ತಿದ್ರು," ಎಂದರು. "ಈಗ ಅವರಿಗೂ ಮೊಣಕಾಲು ನೋವು. ಯಾವ ಎಣ್ಣೆ ಅಂತ ಕೇಳ್ಲಿಕ್ಕೆ ಮಾಡ್ತಾರೆ. ನೀವು ಹೋಗುವಾಗ ಒಂದು ಬಾಟಲಿ ತಕೊಂಡು ಹೋಗಿ ಕೊಡ್ತೀರಾ?"