ಎಡ ಸೀಟಿಗೆ ಮಾತ್ರ ಕಾಣುವ ಮನೆ

ವಿಮಾನ ಓಡಿಸುವವಳಿಗೆ ಕೆಳಗಿನದೆಲ್ಲ ಕಾಣುತ್ತದೆ ಎಂದು ಜನ ತಿಳಿದುಕೊಂಡಿದ್ದಾರೆ. ಎಲ್ಲಿ ಕಾಣುತ್ತೆ ಕಣ್ರೀ! ಆರು ವರ್ಷ ನಾನು ನಮ್ಮ ಮನೆಯ ಪಕ್ಕದಲ್ಲೇ ಹಾದು ಇಳಿದಿದ್ದೇನೆ, ಒಂದೇ ಒಂದು ದಿನ ಮನೆ ನೋಡಿಲ್ಲ. ಕಾರಣ ತೀರಾ ಸಣ್ಣದು. ಕಾಕ್‌ಪಿಟ್ಟಿನಲ್ಲಿ ಇರುವುದು ಎರಡು ಸೀಟು. ಎಡಗಡೆಯದು ಕ್ಯಾಪ್ಟನ್ನಿಗೆ, ಬಲಗಡೆಯದು ಸಹ ಪೈಲಟ್ಟಿಗೆ. ನಾನು ಬಲಗಡೆಯವಳು. ನಮ್ಮ ಮನೆ ಬರುವುದು ಎಡಗಡೆಗೆ.

ಮನೆ ಇರುವುದು ಯಲಹಂಕ ದಾಟಿ, ದೊಡ್ಡಬಳ್ಳಾಪುರದ ರಸ್ತೆಯಲ್ಲಿ. ಮೊದಲು ಹಳ್ಳಿ ಅನ್ನುತ್ತಿದ್ದೆವು, ಈಗ ಏನೆಂದು ಕರೆಯಬೇಕೋ ಗೊತ್ತಿಲ್ಲ. ನಮ್ಮ ದ್ರಾಕ್ಷಿ ತೋಟ ಇದ್ದ ಕಡೆ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟು ನಿಂತಿದೆ. ಕಟ್ಟಿಸಿದವರ ಜೊತೆ ನಮ್ಮಣ್ಣನೂ ಪಾಲುದಾರ, ನನ್ನ ಪೈಲಟ್ ತರಬೇತಿ ನಡೆದದ್ದೂ ಅದರಿಂದಲೇ, ಹಾಗಾಗಿ ಗೊಣಗಲು ನನಗೆ ಬಾಯಿಲ್ಲ. ಅಮ್ಮ ಮಾತ್ರ ಮನೆಯ ಹಿಂದಿನ ಮೂವತ್ತು ಗುಂಟೆಯನ್ನು ಯಾರಿಗೂ ಮುಟ್ಟಗೊಟ್ಟಿಲ್ಲ. ಅಲ್ಲಿ ಪ್ರತಿ ವರ್ಷ ರಾಗಿ ಬೆಳೆಯುತ್ತಾಳೆ. ಕಣ ಇದ್ದ ಜಾಗದಲ್ಲಿ ಅಣ್ಣನ ಕಾರುಗಳು ನಿಲ್ಲುವುದರಿಂದ ಈಗ ತಾರಸಿಯೇ ಅವಳ ಕಣ. ಟಾರ್ಪಾಲು ಹಾಸಿ, ಸ್ಟೂಲಿನ ಮೇಲೆ ನಿಂತು, ಮೊರದಲ್ಲಿ ರಾಗಿ ತೂರುತ್ತಾಳೆ. ಕಾಳು ಕೆಳಗೆ ಬೀಳುತ್ತದೆ, ಹೊಟ್ಟು ಗಾಳಿಯಲ್ಲಿ ಹಾರಿಹೋಗುತ್ತದೆ.

ತೂರಲು ಗಾಳಿ ಬೇಕು, ಅದೂ ಹದವಾದ ಮೂಡಗಾಳಿ. ಕಾರ್ತಿಕ ಕಳೆಯುವ ಹೊತ್ತಿಗೆ ಅದು ಎದ್ದೇಳುತ್ತದೆ. ವಿಮಾನವೂ ಹಾಗೆಯೇ, ಇಳಿಯುವಾಗ ಗಾಳಿಗೆ ಎದುರಾಗಿ ಇಳಿಯಬೇಕು. ಮೂಡಗಾಳಿ ಇದ್ದರೆ ನಾವು ಪಡುವಣದಿಂದ, ಅಂದರೆ ನಮ್ಮೂರ ಕಡೆಯಿಂದ ಬಂದು ಇಳಿಯುತ್ತೇವೆ. ಪಡುವಣ ಗಾಳಿಯಾದರೆ ಆಚೆ ತುದಿಯಿಂದ. ಇದನ್ನು ಕಲಿಯಲು ನಾನು ದಪ್ಪ ದಪ್ಪ ಪುಸ್ತಕ ಓದಿ ಪರೀಕ್ಷೆ ಬರೆದೆ. ಅಮ್ಮ ತಾರಸಿಯಲ್ಲಿ ಒಂದು ಹಿಡಿ ಹೊಟ್ಟು ತೂರಿ ನೋಡಿಯೇ ಕಲಿತಳು. ಎಷ್ಟೋ ಬೆಳಿಗ್ಗೆ ನಾನು ಹವಾಮಾನದ ವರದಿ ತೆರೆಯುವ ಮೊದಲೇ ಅವಳ ಫೋನು ಬಂದಿರುತ್ತಿತ್ತು. "ಮೂಡಗಾಳಿ ಎದ್ದೈತೆ ಕಣೆ. ಇವತ್ತು ನಮ್ ಕಡೆಯಿಂದ್ಲೇ ಇಳಿಸ್ತಾರೆ, ನೋಡ್ಕೊ."

ಕಡಿಮೆ ದರದ ಟಿಕೆಟ್ಟಿನ ಕಂಪನಿ ನಮ್ಮದು. ಸಣ್ಣ ವಿಮಾನ, ದಿನಕ್ಕೆ ನಾಲ್ಕು ಹಾರಾಟ, ಇಳಿದು ಇಪ್ಪತ್ತೈದು ನಿಮಿಷಕ್ಕೆ ಮತ್ತೆ ಹೊರಡಬೇಕು, ಇಡ್ಲಿ ಗಂಟಲಲ್ಲಿ ಇಳಿಯುವಷ್ಟೂ ಪುರುಸೊತ್ತಿಲ್ಲ. ಕಂಪನಿಯ ಕ್ಯಾಬು ನಮ್ಮೂರಿನವರೆಗೆ ಬರುವುದಿಲ್ಲವೆಂದು ನಾನು ಹೆಬ್ಬಾಳದಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ ಒಂದು ದಿನ, ಹುಬ್ಬಳ್ಳಿಯಿಂದ ಬಂದು ಇಳಿದು ಫೋನು ತೆರೆದರೆ ಅಮ್ಮ.

"ನೀನ್ ಬರೋ ಒತ್ಗೆ ಅಂತ ಅಳದಿ ಟಾರ್ಪಾಲು ಆಸಿದ್ದೆ, ತಾರಸಿ ತುಂಬಾ. ಕಂಡ್ತಾ?"

ಎಡ, ಬಲ, ಕಿಟಕಿ ಎಂದು ಬಿಡಿಸಿ ಹೇಳಲು ಅರ್ಧ ನಿಮಿಷ ಸಾಕಿತ್ತು. ಆದರೆ ಅವಳ ಉಸಿರು ಕೇಳುತ್ತಿತ್ತು, ಮೆಟ್ಟಿಲು ಹತ್ತಿ ಇಳಿದ ಉಸಿರು.

"ಕಂಡ್ತು ಕಣಮ್ಮ. ಚೆನ್ನಾಗಿ ಕಂಡ್ತು."

ಅಷ್ಟೇ, ಅಲ್ಲಿಂದ ಶುರುವಾಯಿತು. ಆರು ಚಳಿಗಾಲ ಅವಳು ಹಾಸಿದಳು, ನಾನು ಕಂಡಿತು ಎಂದೆ. ರಾಗಿ ಒಣಗಿ ಮೂಟೆ ಸೇರಿದ ಮೇಲೂ ಸಂಕ್ರಾಂತಿಯವರೆಗೆ ಸುಮ್ಮನೆ ಟಾರ್ಪಾಲು ಹಾಸುತ್ತಿದ್ದಳು. ಅತ್ತಿಗೆ ರೇಗಿಸುತ್ತಿದ್ದರಂತೆ, "ಅತ್ತೆ, ಪ್ಲೇನ್ ಏನಾದ್ರೂ ನಮ್ ತಾರಸಿ ಮೇಲೇ ಇಳಿಸ್ಬಿಟ್ಟಾಳು" ಎಂದು.

ಎಡಗಡೆ ಕಿಟಕಿಯ ಟಿಕೆಟ್ ತೆಗೆದುಕೊಂಡು ಪ್ರಯಾಣಿಕಳಾಗಿ ಬಂದು ನೋಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನೋಡಬಹುದಿತ್ತು. ನೋಡಲಿಲ್ಲ, ನನ್ನ ಹಟ! ನೋಡಿದರೆ ಕ್ಯಾಪ್ಟನ್ ಸೀಟಿನಲ್ಲಿ ಕೂತೇ ನೋಡುವುದು ಎಂದು ನನಗೆ ನಾನೇ ಆಣೆ ಹಾಕಿಕೊಂಡಿದ್ದೆ. ಒಂದು ಸಲ ತಡೆಯಲಾರದೆ ಇಳಿಯುವ ಹೊತ್ತಿನಲ್ಲಿ ಕತ್ತು ಚಾಚಿ ಆ ಕಡೆ ಇಣುಕಿದೆ. ಕ್ಯಾಪ್ಟನ್ನರ ಭುಜ ಮತ್ತು ಒಂದು ತುಂಡು ಆಕಾಶ ಕಂಡಿತು. "ಕತ್ತು ಹಿಡ್ಕೊಂಡಿದ್ಯಾ?" ಎಂದು ಆಮೇಲೆ ಕೇಳಿಸಿಕೊಂಡದ್ದೂ ಆಯಿತು. ಆ ಸೀಟಿನ ಆಸೆ ಎಂಥದ್ದು ಎಂದು ಈಗ ನೆನೆದರೆ ನಗು ಬರುತ್ತದೆ. ಸಂಬಳಕ್ಕಲ್ಲ, ಭುಜದ ನಾಲ್ಕನೇ ಪಟ್ಟಿಗೂ ಅಲ್ಲ, ನಮ್ಮ ತಾರಸಿಗಾಗಿ ನಾನು ಕ್ಯಾಪ್ಟನ್ ಆಗಬೇಕೆಂದು ಹಂಬಲಿಸುತ್ತಿದ್ದೆ.

ಆರನೇ ಚಳಿಗಾಲದಲ್ಲಿ ಕಂಪನಿಯ ಪತ್ರ ಬಂತು. ಕ್ಯಾಪ್ಟನ್ ಆಗುವ ಸರದಿ ನನ್ನದು. ಖುಷಿಯಿಂದ ಕುಣಿಯಬೇಕು ಅನ್ನುವಷ್ಟರಲ್ಲಿ ಎರಡನೇ ಸಾಲು ಓದಿದೆ. ಎಡ ಸೀಟು ಖಾಲಿ ಇರುವುದು ಈಶಾನ್ಯದಲ್ಲಿ, ಬ್ರಹ್ಮಪುತ್ರ ನದಿಯ ದಡದ ಒಂದು ಊರಿನಲ್ಲಿ. ಮೂರು ವರ್ಷ ಅಲ್ಲೇ ಇರಬೇಕು. ಅಲ್ಲಿನ ಸಣ್ಣ ವಿಮಾನಗಳು ಬೆಂಗಳೂರಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಒಲ್ಲೆ ಎಂದರೆ ಬಲ ಸೀಟು, ಬೆಂಗಳೂರು, ಮತ್ತು ಸರದಿಯ ಪಟ್ಟಿಯಲ್ಲಿ ನನ್ನ ಹೆಸರು ತೀರಾ ಕೊನೆಗೆ. ಉತ್ತರಕ್ಕೆ ಹತ್ತು ದಿನ.

ಥೂ, ಇದೆಂಥ ಕರ್ಮ! ಮನೆ ಇರುವ ಊರಿನಲ್ಲಿ ಕಿಟಕಿ ಇಲ್ಲ, ಕಿಟಕಿ ಸಿಗುವ ಊರಿನಲ್ಲಿ ಮನೆ ಇಲ್ಲ. ನನಗೆ ಆಗ ಮೂವತ್ತೈದು. ನನಗಿಂತ ಚಿಕ್ಕವರು ಬೇರೆ ಕಂಪನಿ ಸೇರಿ ಎಡಗಡೆ ಕೂತಾಗಿತ್ತು. ಅಣ್ಣನನ್ನು ಕೇಳಿದರೆ, "ಯಾಕ್ ತಲೆ ಕೆಡಿಸ್ಕೊಂತೀಯ ಪ್ಲೇನಮ್ಮ, ಕೆಲ್ಸ ಬಿಟ್ಟು ಬಾ, ಒಂದು ಸ್ಕೂಲ್ ಆಕ್ಕೊಡ್ತೀನಿ, ನಡ್ಸು" ಎಂದ. ಅವನಿಗೆ ಎಲ್ಲದಕ್ಕೂ ಒಂದು ಕಟ್ಟಡವೇ ಉತ್ತರ. ಅಮ್ಮನಿಗೆ ನಾನು ಹೇಳಲೇ ಇಲ್ಲ.

ನಮ್ಮಲ್ಲಿ ಒಬ್ಬ ಹಿರಿಯ ಕ್ಯಾಪ್ಟನ್ ಇದ್ದರು. ಹುಬ್ಬಳ್ಳಿ ಕಡೆಯವರು, ಇಲ್ಲಿ ಆರ್.ಟಿ. ನಗರದಲ್ಲಿ ವಾಸ. ಹೆಚ್ಚಿನ ದಿನ ನಮ್ಮಿಬ್ಬರಿಗೂ ಒಂದೇ ಕ್ಯಾಬು. ಎಂಟನೇ ದಿನ ಮಧ್ಯಾಹ್ನ ವಿಮಾನ ಇಳಿಸಿ ಬರುವಾಗ ಹೆಬ್ಬಾಳದ ಫ್ಲೈಓವರಿನ ಮೇಲೆ ಗಾಡಿ ಎಂದಿನಂತೆ ಸಿಕ್ಕಿಕೊಂಡಿತು. ಪತ್ರದ ವಿಷಯ ತೆಗೆದೆ.

"ಹೋಗ್ರಿ, ಇದರಾಗ ವಿಚಾರ ಮಾಡೂದೇನದ?" ಎಂದರು. "ಬಲಗಡೆ ಕುಂತು ಎಷ್ಟ ತಾಸು ಹಾರಿಸಿದ್ರೂ ದೊಡ್ಡ ಕಂಪನಿಯವ್ರು ಲೆಕ್ಕಕ್ಕ ಹಿಡಿಯಂಗಿಲ್ಲ. ಎಡಗಡೆ ಎಷ್ಟು ಅಂತ ಕೇಳ್ತಾರ."

"ಊರು ಬಿಡ್ಬೇಕಲ್ಲ ಸರ್."

"ನಾನೂ ಬಿಟ್ಟ ಬಂದಾಂವ ಅಲ್ಲೇನ್ರಿ? ಮೊದಮೊದಲು ಇಲ್ಲಿ ನನ್ನ ಮಾತಾಡಸಾವ್ರು ಯಾರಿದ್ರು? ಆದ್ರ ಚಳಿಗಾಲದಾಗ ಒಂದು ಹಳದಿ ಮನಿ ಬರ್ತದ ನೋಡ್ರಿ, ದೊಡ್ಡಬಳ್ಳಾಪುರ ರೋಡಿನ ಬಾಜೂಕ. ಮಾಳಗಿ ತುಂಬ ಹಳದಿ ತಾಡಪಾಲ ಹಾಸಿರ್ತಾರ. ಅದು ಕಂಡ್ರ ಸಾಕು, ಯಾರೋ ನನಗ ಬಾರಪಾ ಅಂದಂಗ ಆಗ್ತದ. ಎಡಗಡೆಯವ್ರು ನಾವೆಲ್ಲ ಅದಕ್ಕ ಹಳದಿ ಮನಿ ಅಂತನ ಅಂತೀವಿ. ನೀವು ನೋಡಿಲ್ಲೇನು? ಹಾಂ, ನಿಮ್ಮ ಕಡೆ ಕಾಣಂಗಿಲ್ಲ ಬಿಡ್ರಿ."

ಅವರು ತಮ್ಮ ಪಾಡಿಗೆ ಹೇಳುತ್ತಲೇ ಇದ್ದರು. "ಹೋದ ವರ್ಷ ಒಂದಿನ ಹಳದಿ ಇರಲೇ ಇಲ್ಲ, ನೀಲಿ ಇತ್ತು. ಮನಿಯಾಗ ಏನಾತೋ ಏನೋ ಅಂತ ನನಗ ದಿನಾ ಪೂರ್ತಿ ಚಿಂತಿ."

"ಅದು ನಮ್ಮನೆ ಸರ್," ಎಂದೆ. "ನಮ್ಮಮ್ಮ ಹಾಸೋದು. ನಂಗೆ ಕಾಣ್ಲಿ ಅಂತ."

ಅವರು ನನ್ನನ್ನೇ ನೋಡಿದರು. ಹಿಂದಿನ ಲಾರಿ ಹಾರ್ನ್ ಬಾರಿಸಿತು, ನಮ್ಮ ಕ್ಯಾಬು ಎರಡು ಮಾರು ಮುಂದೆ ಹೋಯಿತು. "ಅಯ್ಯ ಇವ್ರ! ಇಷ್ಟ ವರ್ಷ ನಿಮ್ಮ ಪಾಲಿಂದು ನಾನ ಉಂಡ್ನೆಲ್ರಿ," ಎಂದರು. ಹೆಬ್ಬಾಳದಲ್ಲಿ ನಾನು ಇಳಿದುಕೊಂಡೆ. ಮನೆಗೆ ಹೋಗಿ ಷೂ ಕೂಡ ಬಿಚ್ಚದೆ ಕೂತು ಅತ್ತೆ. ಅಳು ಯಾಕೆ ಬಂತೆಂದರೆ, ಕಂಡಿತು ಕಂಡಿತು ಎಂದು ನಾನು ಬಾಯಲ್ಲಿ ಹೇಳಿದ್ದನ್ನು ಅವರು ಕಣ್ಣಲ್ಲಿ ನೋಡಿದ್ದರು.

ಮರುದಿನ ರಜೆ. ಬಸ್ಸು ಹತ್ತಿ ಊರಿಗೆ ಹೋದೆ. ಅಮ್ಮ ತಾರಸಿಯ ಮೇಲೆ, ತಲೆಗೆ ಟವೆಲು ಸುತ್ತಿಕೊಂಡು, ಸ್ಟೂಲಿನ ಮೇಲೆ ನಿಂತು ತೂರುತ್ತಿದ್ದಳು. ಕಾಲಡಿಯಲ್ಲಿ ಆ ಹಳದಿ ಟಾರ್ಪಾಲು. ಅದರ ಅಂಚಿನಲ್ಲೇ ಕೂತು, ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಅಮ್ಮ, ನಾನು ಇದನ್ನ ಮೇಲಿಂದ ಒಂದ್ಸಲಾನೂ ನೋಡಿಲ್ಲ. ಕಂಡ್ತು ಅಂದಿದ್ದೆಲ್ಲಾ ಸುಳ್ಳು."

ಅವಳು ಮೊರ ಇಳಿಸಲಿಲ್ಲ. "ಗೊತ್ತು," ಎಂದಳು.

"ಯಾವಾಗಿಂದ?"

"ಓದೊರ್ಸ ಒಂದಿನ ನಿನ್ ಅಳದೀದು ಅರ್ದೋಗಿತ್ತು. ನೀಲೀದು ಆಸಿದ್ದೆ. ಸಾಯಂಕಾಲ ಕೇಳುದ್ರೆ, ಅಳದಿ ಪಳಪಳಾ ಅಂತಿತ್ತು ಕಣಮ್ಮ ಅಂದೆ. ಕಳ್ಳಿ!"

"ಮತ್ತೆ ಯಾಕ್ ಹಾಸ್ತಿದ್ದೆ? ದಿನಾ ಮೆಟ್ಲು ಹತ್ತಿ ಇಳಿದು..."

"ಆ ಪ್ಲೇನಲ್ಲಿ ನೀನೊಬ್ಳೇ ಇರ್ತೀಯಾ? ನಿನ್ ಪಕ್ಕದೋರ್ಗಾದ್ರೂ ಕಾಣ್ಲಿ ಅಂತ ಆಸ್ದೆ. ಯಾವತ್ತಾದ್ರೂ ನಿಂಗೆ ಏಳ್ತಾರೆ ಅಂತ." ಮೊರ ಕುಲುಕುತ್ತಾ ಕೇಳಿದಳು. "ಏಳುದ್ರಾ?"

"ಹೇಳಿದ್ರು."

"ಏನಂದ್ರು?"

"ನೋಡಿದ್ರೆ ಯಾರೋ ಬಾ ಅಂದಂಗೆ ಆಗುತ್ತೆ ಅಂದ್ರು."

ಅಮ್ಮನ ಮುಖ ಅರಳಿದ್ದನ್ನು ನಾನು ನೋಡಿದೆ. ಅದೇ ಧೈರ್ಯದಲ್ಲಿ ಪತ್ರದ ವಿಷಯವನ್ನೂ ಹೇಳಿದೆ. ಎಡ ಸೀಟು, ಬ್ರಹ್ಮಪುತ್ರ, ಮೂರು ವರ್ಷ, ಇನ್ನು ಉಳಿದಿರುವುದು ಒಂದೇ ದಿನ. ಮೊರ ಕೈಯಲ್ಲೇ ಇತ್ತು, ತೂರುವುದು ನಿಂತಿತ್ತು.

"ಆ ಸೀಟು ಬೇಕಾ ನಿಂಗೆ?"

"ಬೇಕು," ಎಂದೆ. ಎಂಟು ದಿನ ಅಳೆದು ಸುರಿದು ಒದ್ದಾಡಿದವಳ ಬಾಯಿಂದ ಅದು ಅಷ್ಟು ಬೇಗ ಹೊರಬಿದ್ದದ್ದು ನನಗೇ ಆಶ್ಚರ್ಯ.

"ಅಂಗಾದ್ರೆ ಓಗು. ಇಲ್ಲೇ ಕುಂತು ಇನ್ನೂ ಆರೊರ್ಸ ನಂಗೆ ಸುಳ್ಳೇಳೋ ಬದ್ಲು, ಓಗಿ ಎಡಗಡೆ ಕುತ್ಕೊ."

ಹಾಗೆಂದವಳು ಮತ್ತೆ ಮೊರ ಎತ್ತಿ ತೂರಿದಳು. ನೇರ ಗಾಳಿಗೆ ಎದುರಾಗಿ ತೂರಿದಳು. ಹೊಟ್ಟೆಲ್ಲ ಅವಳ ಮುಖಕ್ಕೇ ಬಂತು. ಗಾಳಿಯೇನೂ ದಿಕ್ಕು ಬದಲಿಸಿರಲಿಲ್ಲ. ಐವತ್ತು ವರ್ಷ ರಾಗಿ ತೂರಿದ ಹೆಂಗಸು ನಮ್ಮಮ್ಮ. ನಾನು ಎದ್ದು ಹೋಗಿ ಅವಳ ಕೂದಲಿಂದ, ರೆಪ್ಪೆಯಿಂದ ಹೊಟ್ಟು ಬಿಡಿಸುತ್ತಾ ನಿಂತೆ. ಅವಳು ಕಣ್ಣು ಮುಚ್ಚಿಕೊಂಡೇ ಇದ್ದಳು.

ಸಂಜೆ ಕಂಪನಿಗೆ ಒಪ್ಪಿಗೆ ಕಳಿಸಿದೆ.

ಈಗ ಒಂದು ವರ್ಷವಾಗುತ್ತಾ ಬಂತು. ಭುಜದ ಮೇಲೆ ನಾಲ್ಕು ಪಟ್ಟಿ ಇದೆ. ಎಡಗಡೆಯ ಕಿಟಕಿ ನನ್ನದು. ಇಳಿಯುವಾಗ ಅದರಲ್ಲಿ ಅಗಲವಾದ ನದಿ, ಮರಳ ದಿಬ್ಬಗಳು, ತಗಡಿನ ಮಾಡುಗಳು ಕಾಣುತ್ತವೆ. ಚಂದವೇ. ಇಲ್ಲವೆಂದು ಯಾರು ಹೇಳುತ್ತಾರೆ? ಆದರೆ ಪ್ರತಿ ಸಲ ಕಣ್ಣು ಮೊದಲು ಹಳದಿಯನ್ನೇ ಹುಡುಕುತ್ತದೆ. ಅಲ್ಲಿಲ್ಲ ಕಣೆ ಎಂದು ಅದಕ್ಕೆ ಎಷ್ಟು ಹೇಳಿದರೂ ಕೇಳುವುದಿಲ್ಲ. ಮುಂದಿನ ಎರಡು ವರ್ಷ ಕಳೆದರೆ ಬೆಂಗಳೂರು ಕೇಳಬಹುದು, ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಇಂಥ ಕಂಪನಿಯಲ್ಲಿ ಇದಕ್ಕಿಂತ ಗಟ್ಟಿಯಾದ ಮಾತನ್ನು ಯಾರೂ ಕೊಡುವುದಿಲ್ಲ.

ಹೋದ ವಾರ ಅಮ್ಮನ ಫೋನು ಬಂತು. "ಮೂಡಗಾಳಿ ಎದ್ದೈತೆ. ಟಾರ್ಪಾಲು ಆಸಿದೀನಿ," ಎಂದಳು. ಇಲ್ಲಿ ನದಿಯ ಮೇಲೆ ಮಂಜು ಕವಿದು ನಮ್ಮ ವಿಮಾನ ಹೊರಡದೆ ನಿಂತಿತ್ತು.

"ಕಂಡ್ತು ಕಣಮ್ಮ," ಎಂದೆ, ತಮಾಷೆಗೆ.

"ಓ, ಕಂಡ್ತಾ? ಯಾವ್ ಬಣ್ಣ ಏಳು ನೋಡಾನ."

"ನೀಲಿ."

ಹತ್ತು ನಿಮಿಷದ ಹಿಂದೆ ತಾನೇ ಹುಬ್ಬಳ್ಳಿಯ ಕ್ಯಾಪ್ಟನ್ ಸಾಹೇಬರು ಬೆಂಗಳೂರಿನಲ್ಲಿ ಇಳಿದು ನನಗೊಂದು ಮೆಸೇಜು ಹಾಕಿದ್ದರು. "ಇವತ್ತ ನೀಲಿ ಅದ ನೋಡ್ರಿ. ಅವ್ವಾರು ಆರಾಮ ಇದ್ದಾರಿಲ್ಲೋ?" ಎಂದು.

"ಆ ಪಕ್ಕದ ಸೀಟಿನ ಯಜಮಾನ್ರು ಏಳುದ್ರಾ?" ಎಂದು ಅಮ್ಮ ಕೇಳಿದಳು. ಅವಳ ಮುಂದೆ ನನ್ನ ಆಟ ಯಾವತ್ತು ನಡೆದಿದೆ?

"ಹೂಂ."

"ಅವ್ರಿಗೆ ಎರಡು ಸೇರು ರಾಗಿ ಎತ್ತಿಟ್ಟಿದೀನಿ, ಬಂದು ತಗೊಂಡೋಗಕ್ಕೆ ಏಳು."

"ಮತ್ತೆ ನಂಗೆ?"

"ನೀನು ಮೊದ್ಲು ಬಂದು ನೋಡು. ಆಮೇಲೆ ಕೊಡ್ತೀನಿ."

ಫೋನು ಇಟ್ಟ ಮೇಲೆ ಸಂಕ್ರಾಂತಿಯೊಳಗೆ ನಾಲ್ಕು ದಿನ ರಜೆಗೆ ಅರ್ಜಿ ಹಾಕಿದೆ. ಟಿಕೆಟ್ ತೆಗೆಯುವಾಗ ಸೀಟಿನ ನಕ್ಷೆ ಬಂತು. ಆಣೆಗೀಣೆ ಎಲ್ಲ ಒಂದು ಕ್ಷಣ ನೆನಪಾಯಿತು. ಎಡಗಡೆಯ ಕಿಟಕಿಯನ್ನು ಒತ್ತಿದೆ. ರೆಕ್ಕೆ ಅಡ್ಡ ಬರದಿರಲಿ ಎಂದು ಹಿಂದಿನ ಸಾಲು ಹಿಡಿದೆ. ಇನ್ನು ಆ ದಿನ ಮೂಡಗಾಳಿ ಇರಬೇಕು, ಅಷ್ಟೇ.