ಫ್ರೆಂಚಿನ ಮಗ್ಗಿ

ಹಲ್ಲುಜ್ಜುವ ಹೊತ್ತಿನಲ್ಲಿ ತಲೆಯೊಳಗೆ ಸುಳಿಯುವುದಕ್ಕೆಲ್ಲ ಮನುಷ್ಯನನ್ನು ಹೊಣೆ ಮಾಡಬಾರದೆಂದು ನನ್ನ ಅಭಿಪ್ರಾಯ. ಉಳಿದವರಿಗೆ ಆಗ ಭಜನೆಯೋ ಹಳೆಯ ಹಾಡೋ ಬರುತ್ತಿರಬಹುದು. ನನಗೆ ಬರುವುದು ಫ್ರೆಂಚಿನ ಒಂದು ಕ್ರಿಯಾಪದ. ಅದೂ ನೆಟ್ಟಗಿನ ರೂಪವಲ್ಲ. ಆಗಿಹೋದ ಸಂಗತಿಯ ಬಗ್ಗೆ ಸಂತೋಷವನ್ನೋ ಸಂಶಯವನ್ನೋ ಭಯವನ್ನೋ ಹೇಳುವಾಗ ಬಳಸುವ, ವಕ್ರವಾದೊಂದು ಭೂತಕಾಲ. ಕ ಜ ಸ್ವಾ ವೆನ್ಯು, ಕ ತ್ಯು ಸ್ವಾ ವೆನ್ಯು, ಕಿಲ್ ಸ್ವಾ ವೆನ್ಯು. ನಾನು ಬಂದಿರುವುದು, ನೀನು ಬಂದಿರುವುದು, ಅವನು ಬಂದಿರುವುದು. ಹೊಸಂಗಡಿಯಲ್ಲಿ ಇಷ್ಟು ಕಾಲ ಬದುಕಿದ ನನ್ನಲ್ಲಿ ಯಾವ ಫ್ರೆಂಚನೂ ಬಂದು ದಾರಿ ಕೇಳಿಲ್ಲ. ಕೇಳಿದ್ದರೂ ಈ ರೂಪವನ್ನು ನೆಚ್ಚಿಕೊಂಡು ಅವನನ್ನು ಬಸ್ ಸ್ಟ್ಯಾಂಡಿನ ತನಕವೂ ಮುಟ್ಟಿಸಲು ನನ್ನಿಂದ ಆಗುತ್ತಿರಲಿಲ್ಲ.

ಕಲಿತದ್ದು ಮಂಗಳೂರಿನ ಕಾಲೇಜಿನಲ್ಲಿ, ಭಾಷಾಪ್ರೇಮದಿಂದಲ್ಲ, ಫ್ರೆಂಚಿಗೆ ಧಾರಾಳವಾಗಿ ಅಂಕ ಬೀಳುತ್ತದೆಂಬ ಗಾಳಿಸುದ್ದಿಯಿಂದ. ನಾನೂ ಗೆಳೆಯ ವಾಸುವೂ ಕನ್ನಡ ಮಾಧ್ಯಮದಿಂದ ಹೋದವರಾದ್ದರಿಂದ ಬಾಯಿಪಾಠಕ್ಕೆ ನಮಗೆ ಗೊತ್ತಿದ್ದದ್ದು ಮಗ್ಗಿಯ ರಾಗವೊಂದೇ. ಎರಡೊಂದ್ಲೆ ಎರಡು ಎಂದು ಎಳೆಯುವ ಅದೇ ರಾಗದಲ್ಲಿ, ಸಂಜೆಯ ಬಸ್ಸು ಕುಂಜತ್ತೂರು ದಾಟುವವರೆಗೂ, ನಾವಿಬ್ಬರು ಆ ಕ್ರಿಯಾಪದವನ್ನು ಹಿಂದೆಮುಂದೆ ಓಡಿಸುತ್ತಿದ್ದೆವು. "ಎಂತ ಮಾರಾಯರೇ, ಯಾರದ್ದು ಶ್ರಾದ್ಧ?" ಎಂದು ಕಂಡಕ್ಟರ್ ಕೇಳಿದ್ದ. ಕೇಳಿದ್ದನೆ? ಈ ಕತೆಯನ್ನು ನಾನು ಎಷ್ಟು ಕಡೆ ಹೇಳಿದ್ದೇನೆಂದರೆ ಆ ಮಾತು ಕಂಡಕ್ಟರನದೋ ನನ್ನದೋ ಈಗ ನನಗೇ ತಿಳಿಯದು. ವಾಸುವಿಗೆ ಮಾತಿದ್ದ ಕಾಲದಲ್ಲಿ ಆ ಚಿಂತೆ ಇರಲಿಲ್ಲ. "ರೈಲು ಬಿಡಬೇಡ, ಆವತ್ತು ನೀನು ಬಸ್ಸಿನಲ್ಲೇ ಇರಲಿಲ್ಲ" ಎಂದು ಅವನು ನಾಲ್ಕು ಜನರೆದುರೇ ನನ್ನನ್ನು ಇಳಿಸಿಬಿಡುತ್ತಿದ್ದ. ಈಗ ನನ್ನ ಯೌವನವನ್ನು ನಾನು ಹೇಗೆ ಬೇಕಾದರೂ ತಿದ್ದಿಕೊಳ್ಳಬಹುದು. ಇಷ್ಟು ಸ್ವಾತಂತ್ರ್ಯ ಸಿಕ್ಕಿದ ಮೇಲೆ ತಿಳಿಯಿತು, ಅದು ನನಗೆ ಬೇಡವಾಗಿತ್ತು.

ಕಳೆದ ಮಳೆಗಾಲದಲ್ಲಿ ವಾಸುವಿಗೆ ಪಾರ್ಶ್ವವಾಯು ಬಡಿಯಿತು. ಬದಿಯಡ್ಕದಲ್ಲಿ ಫ್ಯಾನ್ಸಿ ಅಂಗಡಿ ಇಟ್ಟುಕೊಂಡು, ಪಿನ್ನು ಕೊಳ್ಳಲು ಬಂದವರನ್ನು ಮಾತಿನಲ್ಲೇ ಕಟ್ಟಿಹಾಕಿ ಬಳೆ ಕೊಟ್ಟು ಕಳಿಸುತ್ತಿದ್ದವನು ಅವನು. ಕಾಲು ಅಷ್ಟಿಷ್ಟು ಮರಳಿತು, ಮಾತು ಮರಳಲಿಲ್ಲ. ಬಾಯಿಪಾಠವಾದದ್ದು ಕೆಲವೊಮ್ಮೆ ಉಳಿದಿರುತ್ತದೆ, ಹೇಳಿಸಿ ನೋಡಿ ಎಂದು ಡಾಕ್ಟರು ಹೇಳಿದ್ದರಂತೆ. ಅವನ ಹೆಂಡತಿ ಸುಗುಣ ಭಜನೆ ಹೇಳಿದರು, ವಾರಗಳ ಹೆಸರು ಹೇಳಿದರು, ತಮ್ಮ ಹೆಸರನ್ನಂತೂ ದಿನಾ ಹೇಳಿ ಬೇಡಿದರು. ಅವನು ಗೋಡೆ ನೋಡುತ್ತಾ ಕೂತಿರುತ್ತಿದ್ದ. ಅವರು ಕೇಳುತ್ತಿದ್ದದ್ದು ಗುಣವಾಗಲಿ ಎಂದಲ್ಲ. ತಮ್ಮ ಕಡೆಗೆ ಒಂದೇ ಒಂದು ಮಾತು ಬರಲಿ ಎಂದು.

ಕಾಯಿಲೆಯವರ ಎದುರು ಕೂತು ಏನು ಮಾತಾಡಬೇಕೆಂದು ತಿಳಿಯದವರಲ್ಲಿ ನಾನು ಮೊದಲಿಗ. ಅವನನ್ನು ನೋಡಲು ಮನೆಗೆ ಹೋದಾಗ, ನಾನು ಕಾಲೇಜಿನಲ್ಲಿ ಗಂಟೆಗಟ್ಟಲೆ ಪಾಠ ಮಾಡುವ ಮೇಷ್ಟ್ರು ಎಂಬುದು ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಸೆಕೆ, ಬಸ್ಸು, ರಸ್ತೆಯ ಮಾತೆಲ್ಲ ಮುಗಿದ ಮೇಲೆ ಬರಿಯ ಮುಜುಗರದಿಂದ ನನ್ನ ಬಾಯಲ್ಲಿ ಆ ಮಗ್ಗಿ ಹೊರಟಿತು. ಮೂರು ಸಾಲು ದಾಟಿ, 'ನಾವು' ಎಂಬಲ್ಲಿ ಸಿಕ್ಕಿಬಿದ್ದೆ.

"ಕ ನೂ ಸ್ವಾಯೋಂ ವೆನ್ಯು" ಎಂದ ವಾಸು, ರಾಗ ಒಂದಿಷ್ಟೂ ತಪ್ಪದೆ.

ನನ್ನ ನೆನಪಿನ ಪ್ರಕಾರ ಫ್ರೆಂಚಿನಲ್ಲಿ ಜಾಣ ನಾನು, ನನ್ನದನ್ನು ನೋಡಿ ಬರೆದವನು ಅವನು. ಆ ನೆನಪು ಅಲ್ಲೇ ಕುಸಿಯಿತು.

ಅಡುಗೆಮನೆಯಿಂದ ಸುಗುಣ ಓಡಿಬಂದರು. "ಇವರು ಎಂತ ಹೇಳಿದ್ದು?"

"ಫ್ರೆಂಚ್."

ಅವರು ನಗುತ್ತಲೇ ಕಣ್ಣೊರೆಸಿಕೊಂಡರು. "ನನ್ನ ಹೆಸರು ಬರುವುದಿಲ್ಲ, ನಿಮ್ಮ ಫ್ರೆಂಚ್ ಬರ್ತದಾ! ಇಷ್ಟು ವರ್ಷ ಅನ್ನ ಹಾಕಿದ್ದು ಯಾರು ಮಾಷ್ಟ್ರೇ? ಅರ್ಥ ಎಂತ ಅದಕ್ಕೆ?"

"ನಾವು ಬಂದಿರುವುದು ಅಂತ. ಅಷ್ಟನ್ನೇ ಹೇಳಿದರೆ ಪೂರ್ತಿ ಆಗುವುದಿಲ್ಲ. ಅದಕ್ಕೆ ಮೊದಲು ಸಂತೋಷ ಅಂತಲೋ ಬೇಸರ ಅಂತಲೋ ಹೇಳಬೇಕು."

"ಅದನ್ನು ಇವರು ಹೇಳುವುದಿಲ್ಲವಾ?"

"ಇಲ್ಲ."

ಸುಗುಣ ಗಂಡನ ಕಡೆಗೊಮ್ಮೆ ನೋಡಿ, "ನನಗೂ ಕಲಿಸಿ" ಎಂದರು. ಮೊಬೈಲಿನಲ್ಲಿ ನನ್ನ ಧ್ವನಿ ಹಿಡಿದುಕೊಂಡರು. ಬದಿಯಡ್ಕದಲ್ಲಿ ಫ್ರೆಂಚಿಗೊಬ್ಬ ಶಿಷ್ಯೆ ಸಿಕ್ಕಿದ ಗುರುವಿನ ಹೆಮ್ಮೆಯಿಂದ ನಾನು ಬಸ್ಸು ಹತ್ತಿದೆನಾದರೂ ದಾರಿಯುದ್ದಕ್ಕೂ ಆ ಹೆಮ್ಮೆ ನಿಲ್ಲಲಿಲ್ಲ. ವಾಸು ನನಗೆ ಉತ್ತರ ಕೊಟ್ಟನೋ, ಅವನೊಳಗೆ ಸವೆದ ಕಾಲುದಾರಿಯೊಂದರಲ್ಲಿ ರಾಗ ತಾನೇ ನಡೆದುಹೋಯಿತೋ ಎಂಬ ಪ್ರಶ್ನೆ ಮನೆ ಮುಟ್ಟುವವರೆಗೂ ಬಿಡಲಿಲ್ಲ.

ಮುಂದಿನ ಸಲ ಹೋದಾಗ ಅಂಗಳದಲ್ಲೇ ಮಗ್ಗಿ ಕೇಳಿಸಿತು. ಸುಗುಣ ಗಂಜಿ ಉಣಿಸುತ್ತಾ ಒಂದು ಸಾಲು, ಅವನು ಒಂದು ಸಾಲು. 'ನಾವು' ಬರಬೇಕಾದಲ್ಲಿ ಅವರು ಪುನಃ 'ನಾನು' ಎಂದರು. ಕುರ್ಚಿಯ ಕೈಗೆ ಫಟ್ಟನೆ ಹೊಡೆದ ಸದ್ದು, "ಕ ನೂ! ಕ ನೂ!" ಎಂದು ವಾಸುವಿನ ಸಿಟ್ಟಿನ ಕೂಗು. ನಾನು ಒಳಗೆ ಹೋದವನೇ ಅಭ್ಯಾಸಬಲದಿಂದ ಅವರನ್ನು ತಿದ್ದಲು ಬಾಯಿ ತೆರೆದೆ.

"ನನಗೆ ಬರ್ತದೆ ಮಾಷ್ಟ್ರೇ" ಎಂದು ಅವರು ಸ್ವರ ತಗ್ಗಿಸಿ, ಅಷ್ಟನ್ನೂ ನನಗಿಂತ ಚೊಕ್ಕವಾಗಿ ಒಂದೇ ಉಸಿರಿಗೆ ಹೇಳಿದರು. ವಾಸು ಅಷ್ಟರಲ್ಲಿ ಆಚೆ ತಿರುಗಿ ಕೂತಿದ್ದ. "ನೋಡಿದ್ರಾ? ಸರಿ ಹೇಳಿದರೆ ಗೋಡೆ ನೋಡ್ತಾರೆ. ತಪ್ಪು ಹೇಳಿದರೆ ನನ್ನನ್ನು ನೋಡ್ತಾರೆ."

"ಬೈತಾನಲ್ಲ?"

"ಬೈಲಿ. ಮೊದಲು ಎಂತ, ಮುದ್ದು ಮಾಡ್ತಿದ್ರಾ?"

ಆ ನೋಟದಲ್ಲಿ ಹೆಂಡತಿಯ ಗುರುತು ಇತ್ತೋ, ಕೆಟ್ಟ ರಾಗದ ಮೇಲಿನ ಸಿಟ್ಟಷ್ಟೇ ಇತ್ತೋ, ನಾನು ಹೇಳಲಾರೆ. ಎರಡನೆಯದೇ ಇರಬೇಕೆಂದು ಒಳಗೊಳಗೇ ಅನ್ನಿಸುತ್ತದೆ. ಸುಗುಣ ನನ್ನನ್ನು ಕೇಳಲಿಲ್ಲ. ಕೇಳದಿರುವಷ್ಟು ಅವರಿಗೂ ಅದು ಹೊಳೆದಿತ್ತೇನೋ. ಚಮಚದಲ್ಲಿ ಗಂಜಿ ತುಂಬಿಕೊಂಡು, ಕುರ್ಚಿಯ ಹತ್ತಿರಕ್ಕೆ ಸರಿದು, ಮೊದಲಿನಿಂದ ಶುರುಮಾಡಿದರು. ಮೂರು ಸಾಲು ಸರಿಯಾಗಿ ಹೇಳಿ, ಒಂದು ಕ್ಷಣ ನಿಂತು, ನಾಲ್ಕನೆಯದನ್ನು ಗಟ್ಟಿಯಾಗಿ ತಪ್ಪು ಹೇಳಿದರು.

ವಾಸು ಗೋಡೆಯಿಂದ ಮುಖ ತಿರುಗಿಸಿದ.